ಕಾಂಪೌಂಡಿನಾಚೆಯ ನಲ್ಲಿ

ನಮ್ಮ ಮನೆಯ ನಲ್ಲಿಗಳಲ್ಲಿ ಒಂದು ಮನೆಯ ಹೊರಗಿತ್ತು. ಹೊರಗೆ ಎಂದರೆ ಅಂಗಳದಲ್ಲಲ್ಲ. ಕಾಂಪೌಂಡಿನ ಆಚೆ ಮೈಯಲ್ಲಿ, ರಸ್ತೆಗೆ ಮುಖ ಮಾಡಿಕೊಂಡು. ಹೊಳೆನರಸೀಪುರದಲ್ಲಿ ಊರು ಮುಗಿದು ಗದ್ದೆ ಶುರುವಾಗುವ ಕಡೆ ನಮ್ಮದೇ ಕೊನೆಯ ಮನೆ. ನಮ್ಮನ್ನು ದಾಟಿದರೆ ಸ್ಮಶಾನ. ಭತ್ತದ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಸೈಟು ಅಗ್ಗಕ್ಕೆ ಸಿಕ್ಕಿತೆಂದು ಕುಣಿದುಕೊಂಡು ತೆಗೆದುಕೊಂಡರು. ಯಾಕೆ ಅಗ್ಗ ಎನ್ನುವುದನ್ನು ಪಾಯ ಹಾಕುವವರೆಗೂ ಅಮ್ಮನಿಗೆ ಹೇಳಿರಲಿಲ್ಲ.

ಮಣ್ಣಿಗೆ ಹೋದವರು ಹಾಗೇ ಮನೆಗೆ ಹೋಗುವಂತಿಲ್ಲ. ಕೈಕಾಲು ಮುಖ ತೊಳೆದು, ಸತ್ತವರ ಮನೆಗೆ ಹೋಗಿ ಅಲ್ಲಿ ಹಚ್ಚಿಟ್ಟ ದೀಪ ನೋಡಿ, ಆಮೇಲೆ ತಮ್ಮ ಮನೆ ಸೇರಬೇಕು. ಆಗ ಸ್ಮಶಾನದಲ್ಲಿ ನೀರಿರಲಿಲ್ಲ. ಬಂದವರೆಲ್ಲ ನಮ್ಮ ಗೇಟಿನ ಹತ್ತಿರ ನಿಂತು ಒಂದು ಚೊಂಬು ನೀರು ಎಂದು ಕೇಳುತ್ತಿದ್ದರು. ಅಮ್ಮ ಎತ್ತರದಿಂದ ಸುರಿಯುತ್ತಿದ್ದಳು, ಅವರು ಹೋದ ಮೇಲೆ ಗೇಟಿನಿಂದ ಹೊಸಿಲವರೆಗೆ ತೊಳೆಯುತ್ತಿದ್ದಳು, ತೊಳೆಯುವಷ್ಟು ಹೊತ್ತೂ ಅಪ್ಪನಿಗೆ ಅರ್ಚನೆ ಮಾಡುತ್ತಿದ್ದಳು. ಕೇಳಿ ಕೇಳಿ ಸಾಕಾದ ಅಪ್ಪ ತಾರಸಿಯ ಟ್ಯಾಂಕಿನಿಂದ ಒಂದು ಪ್ಲಾಸ್ಟಿಕ್ ಪೈಪು ಎಳೆಸಿ, ಗೋಡೆಗೆ ತೂತು ಕೊರೆಸಿ, ಆಚೆ ಕಡೆಗೆ ಒಂದು ನಲ್ಲಿ ಕೂರಿಸಿದರು. ಇನ್ನು ಯಾರೂ ಕೇಳಬೇಕಿಲ್ಲ, ಯಾರೂ ಕೊಡಬೇಕಿಲ್ಲ, ಸೂತಕವೂ ಗೇಟಿನ ಒಳಗೆ ಬರುವುದಿಲ್ಲ. ಅಪ್ಪ ಆಯುಷ್ಯದಲ್ಲಿ ಮಾಡಿದ ಒಂದೇ ಜಾಣತನದ ಕೆಲಸ ಅದು ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

ನಾನು ಆ ನಲ್ಲಿಯ ಸದ್ದು ಕೇಳಿಕೊಂಡೇ ದೊಡ್ಡವಳಾದೆ. ಮುಂದಿನ ರೂಮಿನ ಕಿಟಕಿಯ ಕೆಳಗೆ ನನ್ನ ಹೊಲಿಗೆ ಮೆಷಿನ್ನು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹೊಲಿಗೆ ಹೇಳಿಕೊಟ್ಟು ಬಂದು, ಸಂಜೆ ಅಲ್ಲಿ ಕೂತು ಊರಿನವರ ರವಿಕೆ ಹೊಲಿಯುತ್ತಿದ್ದೆ. ನನಗೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಬರುವವರು ಈ ದಾರಿಯಲ್ಲಿ ಬರಬೇಕಲ್ಲ. ಒಂದು ಸಲ ಬಂದವರಿಗೆ ಎದುರಿಗೇ ಚಟ್ಟ ಸಿಕ್ಕಿತು, ಅವರು ಬಾಗಿಲವರೆಗೂ ಬರದೆ ಗಾಡಿ ತಿರುಗಿಸಿಕೊಂಡು ಹೋದರು. ಇದನ್ನು ಹೇಳಿಕೊಂಡು ನಾನು ಎಷ್ಟೋ ಸಲ ನಗಿಸಿದ್ದೇನೆ. ಆವತ್ತು ಮಾತ್ರ ನಗು ಬಂದಿರಲಿಲ್ಲ.

ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ತಲೆಗೆ ಟವೆಲ್ ಸುತ್ತಿಕೊಂಡವರು ಪಂಚೆ ಎತ್ತಿ ಕಟ್ಟಿ, ಒಂದು ಹಿಮ್ಮಡಿಯಿಂದ ಇನ್ನೊಂದು ಹಿಮ್ಮಡಿ ಉಜ್ಜಿ, ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು. ಸತ್ತವನ ಒಳ್ಳೆಯತನದ ಮಾತು ಪಾದ ತೊಳೆಯುವವರೆಗೆ. ಮುಖ ಒರೆಸಿಕೊಳ್ಳುವ ಹೊತ್ತಿಗೆ ಕೊಬ್ಬರಿ ರೇಟು, ನಾಲೆಗೆ ನೀರು ಬಿಟ್ಟರೋ ಇಲ್ಲವೋ, ದೊಡ್ಡ ಮಗನಿಗೆ ಎಲ್ಲಿ ಹೆಣ್ಣು ನೋಡಿದೆ. ನನಗೆ ಇಷ್ಟವಾಗುತ್ತಿದ್ದದ್ದು ಈ ಎರಡನೆಯ ಮಾತುಗಳೇ. ಆದರೆ ಯಾರೂ ಮನೆಯ ಕಡೆ ತಿರುಗುತ್ತಿರಲಿಲ್ಲ. ನನ್ನ ಕೈಯಲ್ಲಿ ಕಾಜಾ ಹೊಲಿಯಲು ಕಲಿತ ಹುಡುಗಿಯರ ಅಪ್ಪಂದಿರು, ದಿನಾ ಬೆಳಗ್ಗೆ ನಮಸ್ಕಾರ ಟೀಚರ್ ಎನ್ನುವವರು, ನಲ್ಲಿಯ ಹತ್ತಿರ ಕಣ್ಣಿಗೆ ಕಣ್ಣು ಸಿಕ್ಕಿದರೂ ನೆಲ ನೋಡುತ್ತಿದ್ದರು. ಅದು ಒರಟುತನವಲ್ಲ, ಪದ್ಧತಿ. ಸಾವಿಗೆ ಹೋದ ಕಡೆ ಹೊರಡುವಾಗ ‘ಬರ್ತೀನಿ’ ಎನ್ನಬಾರದು. ಹಾಗೆ ಅಂದರೆ ಅಂದವರ ಹಿಂದೆ ಸಾವೂ ಮತ್ತೆ ಬರುತ್ತದಂತೆ. ಆದ್ದರಿಂದ ಹೇಳದೆ ಕೇಳದೆ ಎದ್ದು ಹೋಗಬೇಕು. ನಮ್ಮ ನಲ್ಲಿಯಲ್ಲೂ ಹಾಗೇ. ಅಷ್ಟು ಜನ ಬಂದರು, ಒಬ್ಬರೂ ಬರ್ತೀನಿ ಅನ್ನಲಿಲ್ಲ.

ಮೊದಲು ಅಪ್ಪ ಹೋದರು, ಆಮೇಲೆ ಅಮ್ಮ. ಅವರನ್ನು ಹೊತ್ತವರಿಗೆ ಹೆಗಲು ಬದಲಿಸುವಷ್ಟು ದೂರವೂ ಇರಲಿಲ್ಲ. ನನ್ನ ತಮ್ಮ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಹಿಡಿದ. ನನಗೆ ರಿಟೈರ್ ಆಯಿತು. ರವಿಕೆ ಹೊಲಿಸುವವರು ಪೇಟೆಯ ಅಂಗಡಿಗಳಿಗೆ ಹೋದರು, ಈಗ ನನ್ನ ಹತ್ತಿರ ಬರುವುದು ಫಾಲ್ಸ್ ಹಚ್ಚಿಸುವವರು ಮಾತ್ರ, ಅದೂ ಹಬ್ಬದ ಮುಂಚೆ. ನಡುವೆ ಸ್ಮಶಾನಕ್ಕೇ ನೀರಿನ ತೊಟ್ಟಿ, ನಲ್ಲಿಗಳ ಸಾಲು, ಕೂರಲು ಕಲ್ಲುಬೆಂಚು ಎಲ್ಲ ಬಂತು. ಹೆಣ ವ್ಯಾನಿನಲ್ಲಿ ಬರುತ್ತದೆ, ಜನ ಬೈಕು ಕಾರುಗಳಲ್ಲಿ ಅಲ್ಲೇ ತೊಳೆದುಕೊಂಡು ಸೊಯ್ಯನೆ ಹೋಗುತ್ತಾರೆ. ನಮ್ಮ ನಲ್ಲಿಯ ಕೆಳಗಿನ ಚಪ್ಪಡಿಯ ಮೇಲೆ ಹುಲ್ಲು ಬಂತು. ನನಗೆ ಅದು ಬೇಜಾರಾಯಿತು. ಹೀಗೆ ಹೇಳಿದರೆ ಕೇಳುವವರು ನನ್ನನ್ನು ಒಂದು ಥರ ನೋಡುತ್ತಾರೆ, ಆದರೂ ಹೇಳುತ್ತೇನೆ: ಹೆಣ ಹೂತು ಬಂದವರೇ ನನ್ನ ನೆಂಟರಾಗಿದ್ದರು.

ಹೋದ ಬೇಸಿಗೆಯಲ್ಲಿ ಬೆಳಗ್ಗೆ ತುಂಬಿದ ಟ್ಯಾಂಕು ಸಂಜೆಗೆ ಖಾಲಿಯಾಗತೊಡಗಿತು. ಹುಡುಕಿದರೆ ಸೋರುತ್ತಿದ್ದದ್ದು ಆ ಪೈಪೇ. ಬಿಸಿಲಿಗೆ ಬೆಳ್ಳಗೆ ಸುಣ್ಣ ಬಳಿದ ಹಾಗಾಗಿ, ಗೋಡೆಯ ತೂತಿನ ಹತ್ತಿರ ಸೀಳು ಬಿಟ್ಟಿತ್ತು. ತಮ್ಮನಿಗೆ ಫೋನು ಮಾಡಿದೆ. ಆ ಸೂತಕದ ನಲ್ಲಿಯನ್ನು ಇನ್ನೂ ಇಟ್ಟುಕೊಂಡಿದ್ದೀಯಾ, ಮೊದಲು ತೆಗೆಸು ಎಂದು ಬೈದು, ಯಾರೋ ಗಿರಾಕಿ ಬಂದರೆಂದು ಇಟ್ಟುಬಿಟ್ಟ. ಪ್ಲಂಬರಿಗೆ ಹೇಳಿದೆ. ಇವತ್ತು ಬಂದೆ, ನಾಳೆ ಬಂದೆ ಎಂದು ವಾರ ಕಳೆದ ಮೇಲೆ ಅವನೇ ಫೋನಿನಲ್ಲಿ ಉಪಾಯ ಹೇಳಿದ: ಪೈಪು ಕೊಯ್ದು ಬಾಯಿಗೆ ಒಂದು ಡಮ್ಮಿ, ಅಂದರೆ ಮುಚ್ಚಳ, ಹಾಕಿಬಿಟ್ಟರೆ ಮುಗಿಯಿತು. ಅಷ್ಟಕ್ಕೆ ನಿನ್ನ ದಾರಿ ಯಾಕಪ್ಪಾ ಕಾಯಲಿ ಎಂದುಕೊಂಡು ನಾನೇ ಹೊರಟೆ.

ಪೈಪಿನ ಅಳತೆ ಬೇಕಲ್ಲ. ಟೇಪು ತೆಗೆದುಕೊಂಡು, ಸೊಂಟದ ಅಳತೆ ತೆಗೆಯುವ ಹಾಗೆ ಅದರ ಸುತ್ತ ಸುತ್ತಿ ಹಿಡಿದೆ. ಎರಡೂವರೆ ಇಂಚಿನ ಮೇಲೆ ಸ್ವಲ್ಪ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡೂವರೆ ಇಂಚಿನ ಡಮ್ಮಿ ಕೊಡಿ ಅಂದೆ. ಅಂಗಡಿಯವನು ತಂದಿಟ್ಟದ್ದು ಪುಟ್ಟ ಮಗುವಿಗೆ ಟೋಪಿಯಾಗುವಂಥದ್ದು. ನಲವತ್ತು ವರ್ಷ ಮನುಷ್ಯರ ಸುತ್ತಳತೆ ತೆಗೆದವಳಿಗೆ ಪೈಪನ್ನು ಬಾಯಿಯ ಅಗಲದಿಂದ ಕರೆಯುತ್ತಾರೆಂದು ಹೇಗೆ ಗೊತ್ತಾಗಬೇಕು? ಅವನು ನಗಲಿಲ್ಲ, ಪಕ್ಕದವನು ನಕ್ಕ. ನಕ್ಕವನನ್ನು ಒಂದು ಸಲ ಗುರಾಯಿಸಿ ಮನೆಗೆ ಬಂದು, ಪೈಪಿನ ಸೀಳಿದ ಚೂರೊಂದನ್ನು ಮುರಿದು ಒಯ್ದು ತೋರಿಸಿದೆ. ಅರ್ಧ ಇಂಚು. ಅಂಗಡಿಯವನು ಡಮ್ಮಿ, ಪೈಪು ಕೊಯ್ಯುವ ಒಂದು ಆಕ್ಸಾ ಬ್ಲೇಡು, ಪುಟ್ಟ ಡಬ್ಬಿಯಲ್ಲಿ ಅಂಟಿಸುವ ಸಲ್ಯೂಷನ್ನು ಕೊಟ್ಟು, ಹಚ್ಚಿದ ಮೇಲೆ ಸಂಜೆಯವರೆಗೂ ನೀರು ಬಿಡಬೇಡಿ ಎಂದು ಎರಡು ಸಲ ಹೇಳಿದ.

ಮಾರನೆಯ ದಿನ ಊಟವಾದ ಮೇಲೆ ಒಂದು ಬಕೆಟ್ಟು, ಒಂದು ಕೊಡ ತುಂಬಿಟ್ಟುಕೊಂಡು ತಾರಸಿಯ ವಾಲ್ವು ತಿರುಗಿಸಿ ನೀರು ನಿಲ್ಲಿಸಿದೆ. ಬೆಳಗ್ಗೆ ಒಂದು ವ್ಯಾನು, ಅದರ ಹಿಂದೆ ಕಾರುಗಳು ಸ್ಮಶಾನದ ಕಡೆ ಹೋಗಿದ್ದವು. ನಾನು ಗುದ್ದಲಿ ಹಿಡಿಯುವ ಹೊತ್ತಿಗೆ ಎಲ್ಲ ವಾಪಸು ಹೋಗಿಯಾಗಿತ್ತು. ಗೋಡೆಯ ಒಳಮಗ್ಗುಲಲ್ಲಿ ಮಣ್ಣು ಬಿಡಿಸಿ, ಸೀಳಿನಿಂದ ಈಚೆಗೆ ಗಟ್ಟಿ ಇದ್ದ ಕಡೆ ಬ್ಲೇಡು ಹಚ್ಚಿದೆ. ಬ್ಲೇಡಿಗೆ ಹಿಡಿ ಇಲ್ಲ, ಹಳೆಯ ಲಂಗದ ಚೂರು ಸುತ್ತಿಕೊಂಡಿದ್ದೆ. ಬಿಳಿ ಪುಡಿ ಉದುರಿತು, ಒಳಗೆ ಉಳಿದಿದ್ದ ನೀರು ಗುಳುಗುಳು ಎಂದು ಬಂದು ನಿಂತಿತು. ಅಂಚಿಗೆ ಉಪ್ಪುಕಾಗದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಎರಡೂ ಕಡೆ ಸಲ್ಯೂಷನ್ನು ಬಳಿದು, ಡಮ್ಮಿಯನ್ನು ತುಸು ತಿರುಗಿಸುತ್ತ ಒತ್ತಿ ಹಿಡಿದೆ. ಮೂಗಿಗೆ ಏರುವ ವಾಸನೆ. ಕೆಲಸ ಚೆನ್ನಾಗಿಯೇ ಆಗಿತ್ತು. ನೆಂಟಸ್ತಿಕೆ ಮಾತ್ರ ನಾನೇ ಕೊಯ್ದುಕೊಂಡ ಹಾಗಾಗಿತ್ತು.

ಆಗ ಗೋಡೆಯ ಆಚೆ ಕಿರ್ ಎಂದಿತು. ನಲ್ಲಿಯ ತಿರುಪಿನ ಸದ್ದು. ಅದನ್ನು ಕೇಳದೆ ಎಷ್ಟೋ ಕಾಲವಾಗಿತ್ತು. ಎದ್ದು ನಿಲ್ಲುವಷ್ಟರಲ್ಲಿ ಮಂಡಿ ಚಟ್ ಎಂದಿತು. ಗೋಡೆಯ ಮೇಲಿಂದ ಬಗ್ಗಿ ನೋಡಿದೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು, ಒಬ್ಬಳೇ ಹೆಂಗಸು. ಎರಡೂ ಕೈ ಮಣಿಕಟ್ಟಿನವರೆಗೆ ಕೆಮ್ಮಣ್ಣು. ಸೀರೆಗೆ ತಾಗದಂತೆ ಅವನ್ನು ದೂರ ಹಿಡಿದುಕೊಂಡು, ಮೊಣಕೈಯಿಂದ ನಲ್ಲಿ ತಿರುಗಿಸುತ್ತಿದ್ದಳು.

“ನೀರು ಬತ್ತಾ ಇಲ್ವಲ್ಲಕ್ಕ,” ಅಂದಳು.

ಈಗಷ್ಟೇ ಕೊಯ್ದೆ ಎಂದು ಹೇಳಲು ನಾಚಿಕೆಯಾಯಿತು. ಇರು ಎಂದು ಹೇಳಿ ಬಕೆಟ್ಟು ಚೊಂಬು ಎತ್ತಿಕೊಂಡು ಗೇಟಿನ ಹೊರಗೆ ಹೋದೆ.

ನೀರು ಹಾಕುತ್ತ ಹಾಕುತ್ತ ಅವಳ ಕಥೆ ಬಂತು. ಬೆಳಗ್ಗೆ ಮಣ್ಣಾದವಳು ಅವಳ ಅಕ್ಕ. ಅಕ್ಕನನ್ನು ಈ ಊರಿಗೆ ಕೊಟ್ಟಿದ್ದರು, ಇವಳನ್ನು ಅರಕಲಗೂಡಿನ ಆ ಕಡೆ ಒಂದು ಹಳ್ಳಿಗೆ. ಸುದ್ದಿ ಸಿಕ್ಕಾಗ ಮೊದಲ ಬಸ್ಸು ಹೋಗಿಯಾಗಿತ್ತು, ಎರಡನೆಯದು ನಡುದಾರಿಯಲ್ಲಿ ಕೆಟ್ಟು ನಿಂತಿತು. ಬಿಸಿಲು ಜಾಸ್ತಿ, ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಅಕ್ಕನ ಮಕ್ಕಳು ಕಾಯಲಿಲ್ಲ. ಇವಳು ಬಸ್ಸಿಳಿದವಳೇ ನೇರ ಸ್ಮಶಾನಕ್ಕೆ ಓಡಿದರೆ ಅಲ್ಲಿ ನರಪಿಳ್ಳೆಯಿಲ್ಲ. ಹೂವು ಚೆಲ್ಲಿದ ಗುಡ್ಡೆಯೊಂದೇ. ಪಕ್ಕದಿಂದ ಮಣ್ಣು ಕೆರೆದು ತಾನೇ ಮೂರು ಹಿಡಿ ಹಾಕಿ ಬಂದಿದ್ದಳು. ಅಲ್ಲಿನ ತೊಟ್ಟಿಯ ನೀರನ್ನು ಬೆಳಗಿನವರು ಮುಗಿಸಿದ್ದರು. ಎಷ್ಟೋ ವರ್ಷದ ಹಿಂದೆ ಭಾವ ತೀರಿಕೊಂಡಾಗ ಇಲ್ಲಿ ಕೈಕಾಲು ತೊಳೆದದ್ದು ನೆನಪಾಗಿ ಈ ನಲ್ಲಿಯನ್ನು ಹುಡುಕಿಕೊಂಡು ಬಂದಿದ್ದಳು.

“ಮುಖಾನೂ ನೋಡ್ಲಿಲ್ಲ ಕಣಕ್ಕ. ಗುಡ್ಡೆ ನೋಡ್ದೆ.”

ಅವಳ ಉಗುರಿನೊಳಗಿನ ಮಣ್ಣು ಹೋಗುತ್ತಿರಲಿಲ್ಲ. ತೆಂಗಿನ ನಾರು ತಂದುಕೊಟ್ಟೆ, ಅವಳು ಒಂದೇ ಕೈಯನ್ನು ಉಜ್ಜುತ್ತಲೇ ಇದ್ದಳು. ಅಮ್ಮ ಎತ್ತರದಿಂದಲೇ ಸುರಿಯುತ್ತಿದ್ದವಳು ಎಂಬುದು ನೆನಪಿತ್ತು. ಆದರೂ ಚೊಂಬು ಕೆಳಗಿಟ್ಟು, ಆ ಕೈ ಹಿಡಿದು, ಒಂದೊಂದೇ ಬೆರಳನ್ನು ನಾನೇ ಉಜ್ಜಿದೆ. ನನ್ನ ಬೆರಳಿಗೆ ಮೆತ್ತಿದ್ದ ಸಲ್ಯೂಷನ್ನು ಒಣಗಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಅವಳು ಅಳುತ್ತಿದ್ದಳು, ನಾನು ಬೆರಳು ನೋಡುತ್ತಿದ್ದೆ. ಇನ್ನೊಬ್ಬರ ಕೈ ಹಿಡಿದು ಎಷ್ಟು ಕಾಲವಾಯಿತು ಎಂದು ಯೋಚಿಸಿದೆ. ಅಳತೆ ತೆಗೆಯಲು ಹಿಡಿದದ್ದು ಬಿಟ್ಟರೆ ಯಾವುದೂ ನೆನಪಾಗಲಿಲ್ಲ.

ಕತ್ತಲಾಗುವ ಮುಂಚೆ ಅವಳು ಹೋಗಿ ದೀಪ ನೋಡಬೇಕಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬ್ಯಾಗು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ ನೋಡಿದಳು.

“ಬತ್ತೀನಿ ಕಣಕ್ಕ.”

ಅಂದ ಕೂಡಲೇ ಬಾಯಿ ಮುಚ್ಚಿಕೊಂಡಳು. ತಪ್ಪಾಯಿತು, ನಿಮ್ಮ ಮನೆಗೆ ಕೇಡು ಬಯಸಿದ ಹಾಗಾಯಿತು, ಬೇಕೂಂತ ಅಂದದ್ದಲ್ಲ ಎಂದು ಏನೇನೋ ಹೇಳಿದಳು. ಈ ಊರಿಗೆ ಬಂದು ಹೋಗುವಾಗೆಲ್ಲ ಅಕ್ಕ ಬಸ್‌ಸ್ಟ್ಯಾಂಡಿನವರೆಗೂ ಬರುತ್ತಿದ್ದಳಂತೆ. ಬಸ್ಸು ಹತ್ತಿ ಕಿಟಕಿಯಿಂದ ಹಾಗೆ ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು.

ಇಂಥ ಮಾತಿಗೆ ಉತ್ತರ ಕೊಡಬಾರದು. ಗೇಟು ಹಾಕಿಕೊಂಡು ಬಾಗಿಲಿಗೆ ನೀರು ಚೆಲ್ಲಬೇಕು. ನಾನು “ಬಾ” ಅಂದುಬಿಟ್ಟೆ. ಅವಳ ಹಿಂದೆ ಸಾವು ಬಂದರೆ ಅದೂ ಬರಲಿ, ಈ ಮನೆಗೆ ಬರುತ್ತೇನೆಂದವರು ಬೇರೆ ಯಾರಿದ್ದಾರೆ ಎನಿಸಿತು.

ಸಂಜೆ ವಾಲ್ವು ತೆರೆದು ಬಂದು ಡಮ್ಮಿಯ ಮೇಲೆ ಕೈಯಾಡಿಸಿದೆ. ಒಂದು ತೊಟ್ಟೂ ಇಲ್ಲ. ಮಣ್ಣು ಮುಚ್ಚಿದೆ. ಎರಡು ದಿನ ಬಿಟ್ಟು ಆಚೆಯ ನಲ್ಲಿಯನ್ನೂ ತಿರುಗಿಸಿ ಕಿತ್ತು, ತೂತಿಗೆ ಸಿಮೆಂಟು ಮೆತ್ತಿದೆ.

ನಮ್ಮ ಕಡೆ ಹನ್ನೊಂದನೆಯ ದಿನಕ್ಕೆ ತಿಥಿ. ಅವಳು ತಿಥಿಗೆ ಈ ಊರಿಗೆ ಬಂದೇ ಬರಬೇಕು. ನಾನು ಕಾಯುತ್ತಿಲ್ಲ ಎಂದುಕೊಳ್ಳುತ್ತಲೇ ಆವತ್ತು ಮುಂದಿನ ರೂಮಿನ ಬಟ್ಟೆಚೂರುಗಳನ್ನೆಲ್ಲ ಗುಡಿಸಿದೆ, ಹಾಲಿನವನ ಹತ್ತಿರ ಜಾಸ್ತಿ ಹಾಲು ಹಾಕಿಸಿಕೊಂಡೆ. ಮಧ್ಯಾಹ್ನ ಕಳೆಯಿತು. ರಸ್ತೆಯಲ್ಲಿ ಒಂದು ಆಟೋ ಸದ್ದಾದರೂ ಮೆಷಿನ್ನು ನಿಲ್ಲುತ್ತಿತ್ತು. ಬಾಯಿ ತಪ್ಪಿ ಆಡಿದ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಕೂತಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ ಎಂದು ನನಗೆ ನಾನೇ ಬೈದುಕೊಂಡೆ. ಕೋಪ ಬಂದು ಹಾಲನ್ನೆಲ್ಲ ಹೆಪ್ಪು ಹಾಕಲು ಎದ್ದೆ.

ಹಾಗೆ ಎದ್ದಾಗ ಕಿಟಕಿಯಲ್ಲಿ ಕಂಡಳು. ಗೇಟಿನ ಹತ್ತಿರ ಅಲ್ಲ, ನಲ್ಲಿ ಇದ್ದ ಕಡೆ. ಸಿಮೆಂಟು ಮೆತ್ತಿದ ಜಾಗವನ್ನು ನೋಡುತ್ತ, ಇದೇ ಮನೆಯೋ ಅಲ್ಲವೋ ಎಂದು ಅನುಮಾನಿಸುತ್ತ ನಿಂತಿದ್ದಳು. ನಾನು ಹೋಗಿ ಗೇಟು ತೆಗೆದೆ.

“ಮೈಲಿಗೆ ಕಳೀತು ಕಣಕ್ಕ. ಒಳೀಕೆ ಬರಬೌದಾ?”

ಆ ರಸ್ತೆಯಿಂದ, ಆ ಕೆಲಸಕ್ಕೆ ಬಂದು ನಮ್ಮ ಮನೆಯ ಹೊಸಿಲು ದಾಟಿದವಳು ಅವಳೊಬ್ಬಳೇ. ಕಾಫಿ ಕುಡಿಯುತ್ತ ತಿಥಿಯ ಅಡುಗೆ, ಅಕ್ಕನ ಸೊಸೆಯಂದಿರ ಮುಖ, ಎಲ್ಲ ಹೇಳಿದಳು. ಕೈಚೀಲದಲ್ಲಿ ಅಕ್ಕನ ಒಂದು ಸೀರೆ, ಒಂದು ರವಿಕೆ ಇತ್ತು. ಮಕ್ಕಳು ಚಿಕ್ಕಮ್ಮನಿಗೆ ಎಂದು ಕೊಟ್ಟಿದ್ದರು. ಸೀರೆ ಸರಿ, ರವಿಕೆ ಹಿಡಿಯುವುದಿಲ್ಲ, ಕಾಯಿಲೆಯಲ್ಲಿ ಅಕ್ಕ ಬಡಕಲಾಗಿದ್ದಳು ಎಂದು ಅದನ್ನು ತೊಡೆಯ ಮೇಲೆ ಹರಡಿಕೊಂಡು ಸವರಿದಳು. ನಾನು ತಿರುವಿ ನೋಡಿದೆ. ಒಳಗೆ ಎರಡೂ ಕಡೆ ಬಿಚ್ಚಿ ಅಗಲಿಸಲು ಬಟ್ಟೆ ಬಿಟ್ಟಿದ್ದರು. ಕೊಡು ಇಲ್ಲಿ ಎಂದು ಕಿತ್ತುಕೊಂಡು, ಹಳೆಯ ಹೊಲಿಗೆ ಬಿಚ್ಚಿ, ಅವಳ ಮೈಗೆ ಹಿಡಿದು ಅಳತೆ ನೋಡಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಎರಡು ಕಡೆಯೂ ಹೊಲಿದು ದಾರ ಕತ್ತರಿಸಿದೆ. ಹಾಕಿಕೊಂಡು ಬಂದು ತೋರಿಸಿದಳು. ಕೂತಿತ್ತು. ಅವಳ ಮುಖ ನೋಡಿ ನನಗೆ ಹೆಮ್ಮೆಯೂ ಆಯಿತು.

ಆಮೇಲೆ ಹೊಳೆಯಿತು. ಇಟ್ಟು ಹೋಗು, ಮುಂದಿನ ವಾರ ಬಂದು ತೆಗೆದುಕೊಂಡು ಹೋಗು ಎನ್ನಬಹುದಿತ್ತು. ಊರಿನ ಎಲ್ಲ ದರ್ಜಿಗಳೂ ಒಂದು ಹೆಮ್ಮಿಂಗ್‌ಗೆ ನಾಲ್ಕು ಸಲ ಓಡಾಡಿಸುತ್ತಾರೆ. ನನಗೆ ಕೈಗೆ ಬಂದ ಕೆಲಸ ಆಗಲೇ ಮುಗಿಸಬೇಕು. ಹಾಳು ಚುರುಕು.

ಅವಳು ಬ್ಯಾಗು ತೆಗೆದುಕೊಂಡಳು. ಗೇಟಿನವರೆಗೂ ಹೋದೆ. ಈಗ ಬರ್ತೀನಿ ಅನ್ನಬಹುದಿತ್ತು, ಸೂತಕ ಕಳೆದಿತ್ತು, ಯಾವ ಅಡ್ಡಿಯೂ ಇರಲಿಲ್ಲ. ಅವಳು ಗೇಟಿನ ಮೇಲೆ ಕೈಯಿಟ್ಟು, “ಓಗ್ತೀನಿ ಕಣಕ್ಕ” ಅಂದಳು.

“ಹೋಗ್ತೀನಿ ಅನ್ನಬಾರದು. ಬರ್ತೀನಿ ಅನ್ನು.”

“ಇನ್ನ ಈ ಊರಿಗೆ ನಂಗ್ ಯಾರವ್ರೆ? ಸುಳ್ಳು ಯೇಳಿ ಓಗಕೆ ಮನಸ್ ಬರಕಿಲ್ಲ.”

ಅವಳ ಮೇಲೆ ಸಿಟ್ಟು ಬಂತು. ಎದುರಿಗೆ ನಿಂತವಳನ್ನು ಇಟ್ಟುಕೊಂಡು ಈ ಊರಲ್ಲಿ ಯಾರಿದ್ದಾರೆ ಎನ್ನುತ್ತಾಳಲ್ಲ. ಆದರೆ ಅವಳು ಹೇಳಿದ್ದು ನಿಜ. ನಾನು ಅವಳಿಗೆ ಒಂದು ಬಕೆಟ್ಟು ನೀರು, ಒಂದು ಲೋಟ ಕಾಫಿ, ಎರಡು ಹೊಲಿಗೆ. ಅಷ್ಟಕ್ಕೆ ಯಾರಾದರೂ ಅರಕಲಗೂಡಿನಿಂದ ಬಸ್ಸು ಹಿಡಿಯುತ್ತಾರೆಯೇ?

“ಸುಳ್ಳಾದರೂ ಸರಿ, ಅನ್ನು,” ಅಂದೆ.

ಅವಳು ನನ್ನ ಮುಖ ನೋಡಿದಳು. ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡಳು.

“ಬತ್ತೀನಿ ಕಣಕ್ಕ.”

“ಬಾ,” ಅಂದೆ. ಅವಳು ಗೋಡೆಯ ಪಕ್ಕದಲ್ಲೇ ನಡೆದು, ಆ ಸಿಮೆಂಟಿನ ಕಲೆ ದಾಟಿ, ಬಸ್‌ಸ್ಟ್ಯಾಂಡಿನ ಕಡೆ ಹೋದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೊರಟೆ. ಬಸ್ಸು ಹತ್ತುವವರೆಗೂ ಯಾರಾದರೂ ಇರಬೇಕಲ್ಲ.